ಹಗುರ, ಸಿಹಿ ವೈನ್ ಬೇಕಾದರೆ ಬಣ್ಣ ನೋಡಬೇಡಿ, ಲೇಬಲ್ ಮೇಲಿನ ಶೇಕಡಾ ನೋಡಿ

ನೀವು ಕೇಳಿರುವುದು ಇಷ್ಟು: ಒಂದು ಪಾರ್ಟಿಯಲ್ಲಿ ಮೊದಲ ಸಲ ವೈನ್ ಕುಡಿದಿರಿ. ರೆಡ್ ವೈನ್. ಬಾಯೆಲ್ಲ ಒಣಗಿತು, ಗಂಟಲು ಚುರುಗುಟ್ಟಿತು, ಅರ್ಧ ಗ್ಲಾಸ್ ಹಾಗೇ ಇಟ್ಟು ಎದ್ದು ಬಂದಿರಿ. ಜೊತೆಯಲ್ಲಿದ್ದವರು "ಕುಡೀತಾ ಕುಡೀತಾ ರೂಢಿ ಆಗುತ್ತೆ ಬಿಡಿ" ಅಂದರು. ನಿಮಗೆ ಆ ರೂಢಿ ಬೇಕಿಲ್ಲ. ಹಗುರವಾಗಿ, ಸ್ವಲ್ಪ ಸಿಹಿಯಾಗಿ ಇರುವ ವೈನ್ ಯಾವುದು, ಅದನ್ನು ಗುರುತಿಸುವುದು ಹೇಗೆ, ಸಿಹಿ ವೈನ್ ಕೇಳಿದರೆ ಜನ ನಗುತ್ತಾರಾ ಅನ್ನುವುದು ಪ್ರಶ್ನೆ.

ಅವಸರದಲ್ಲಿದ್ದರೆ ಇಷ್ಟು ಸಾಕು. ಮೊಸ್ಕಾಟೊ ಡಾಸ್ಟಿ ಅಂತ ಕೇಳಿ ತೆಗೆದುಕೊಳ್ಳಿ, ಚೆನ್ನಾಗಿ ತಣ್ಣಗೆ ಮಾಡಿ, ಚಿಕ್ಕ ಗ್ಲಾಸಿನಲ್ಲಿ ಕುಡಿಯಿರಿ. ಅದು ಸಿಗಲಿಲ್ಲ ಅಂದರೆ ಶೇ. 8 ಅಥವಾ 9 ಆಲ್ಕೋಹಾಲ್ ಇರುವ ಜರ್ಮನ್ ರೀಸ್ಲಿಂಗ್ ಅನ್ನುವ ವೈಟ್ ವೈನ್. ಈ ಎರಡೇ ಯಾಕೆ ಅಂತ ಗೊತ್ತಾದರೆ ಮೂರನೆಯದನ್ನು ನೀವೇ ಹುಡುಕಿಕೊಳ್ಳಬಹುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು, ನಿಮಗೆ ಹಿಡಿಸದೇ ಹೋದದ್ದು ಏನು ಅಂತ ನೋಡೋಣ. ಬಹಳ ಜನ ಅದನ್ನು ಹುಳಿ ಅಂತಲೋ ಕಹಿ ಅಂತಲೋ ಹೇಳಿಬಿಡುತ್ತಾರೆ. ನೀವು ಹೇಳಿದ್ದು ಕೇಳಿದರೆ ಅದು ಎರಡೂ ಅಲ್ಲ, ಒಗರು. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ. ವೈನ್ ಪುಸ್ತಕಗಳು ಇದನ್ನು ಟ್ಯಾನಿನ್ ಅಂತ ಕರೆದು ಪುಟಗಟ್ಟಲೆ ವಿವರಿಸುತ್ತವೆ, ನಮಗೆ ಮೂರು ಅಕ್ಷರದಲ್ಲಿ ಮುಗಿದುಹೋಗುತ್ತದೆ.

ಅನುಮಾನವಿದ್ದರೆ ಮನೆಯಲ್ಲೇ ನೋಡಿ. ಒಂದು ಕಪ್ ಬಿಸಿನೀರಿಗೆ ಎರಡು ಟೀ ಬ್ಯಾಗ್ ಹಾಕಿ ಹತ್ತು ನಿಮಿಷ ಮರೆತುಬಿಡಿ. ಹಾಲು, ಸಕ್ಕರೆ ಏನೂ ಬೇಡ. ಆರಿದ ಮೇಲೆ ಒಂದು ಗುಟುಕು ಕುಡಿದು, ನಾಲಿಗೆಯನ್ನು ಮೇಲಿನ ಅಂಗಳಕ್ಕೆ ಒತ್ತಿ ಹಿಂದಕ್ಕೆ ಎಳೆಯಿರಿ. ತರಿತರಿ ಅನ್ನಿಸುತ್ತದಲ್ಲ, ಜಾರಬೇಕಾದ ನಾಲಿಗೆ ಅಲ್ಲಲ್ಲೇ ಕಚ್ಚಿಕೊಂಡ ಹಾಗೆ? ಎಂಜಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಆ ಜಾರುವ ಗುಣವನ್ನೇ ತೆಗೆದುಬಿಡುತ್ತದೆ. ಪಾರ್ಟಿಯಲ್ಲಿ ನಿಮಗೆ ಆದದ್ದೂ ಅದೇ.

ರೆಡ್ ವೈನ್ ಮಾಡುವಾಗ ದ್ರಾಕ್ಷಿರಸವನ್ನು ಸಿಪ್ಪೆ, ಬೀಜದ ಜೊತೆಗೇ ದಿನಗಟ್ಟಲೆ ಹುದುಗಲು ಬಿಡುತ್ತಾರೆ. ಬಣ್ಣ ಬರುವುದು ಸಿಪ್ಪೆಯಿಂದ. ಬಣ್ಣದ ಹಿಂದೆಯೇ ಒಗರೂ ಬರುತ್ತದೆ. ವೈಟ್ ವೈನಿಗೆ ಹಾಗಲ್ಲ, ದ್ರಾಕ್ಷಿ ಹಿಂಡಿ, ಸಿಪ್ಪೆ ಬೀಜ ಬಿಸಾಡಿ, ಬರೀ ರಸವನ್ನು ಹುದುಗಿಸುತ್ತಾರೆ. ಹಾಗಾಗಿ ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕ್ಯಾಬರ್ನೆ ಸೊವಿನ್ಯೋನ್, ಸಿರಾ, ನೆಬ್ಬಿಯೋಲೊ ಈ ಮೂರು ದ್ರಾಕ್ಷಿ ತಳಿಯ ಹೆಸರು ಕಂಡರೆ ಸದ್ಯಕ್ಕೆ ಮುಂದೆ ಹೋಗಿ. ಅವು ಕೆಟ್ಟವು ಅಂತಲ್ಲ, ಒಗರೇ ಅವುಗಳ ಗತ್ತು.

ಇನ್ನು ಗಂಟಲು ಚುರುಗುಟ್ಟಿದ್ದು. ಅದು ಆಲ್ಕೋಹಾಲ್. ನೀವು ಕುಡಿದದ್ದು ಬಹುಶಃ ಶೇ. 13 ಅಥವಾ 14ರದ್ದು. ಬಾಟಲಿ ಕೈಗೆ ತೆಗೆದುಕೊಂಡಾಗ ಮೊದಲು ನೋಡಬೇಕಾದದ್ದು ಇದೇ ಸಂಖ್ಯೆ. ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಗುರ ಹೌದೋ ಅಲ್ಲವೋ ಅನ್ನುವುದನ್ನಷ್ಟೇ ಅಲ್ಲ, ಸಿಹಿ ಇರುತ್ತದೋ ಇಲ್ಲವೋ ಅನ್ನುವುದನ್ನೂ ಅದು ಬಹುಪಾಲು ಹೇಳಿಬಿಡುತ್ತದೆ.

ಹೇಗೆ ಅಂದರೆ, ವೈನ್ ಅಂದರೆ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುವ ಕೆಲಸ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ. 1 ಆಲ್ಕೋಹಾಲ್ ಆಗುತ್ತದೆ. ಲೀಟರಿಗೆ 200 ಗ್ರಾಂ ಸಕ್ಕರೆ ಇರುವ ರಸ ಅಂತ ಇಟ್ಟುಕೊಳ್ಳಿ. ಯೀಸ್ಟ್ ಎಲ್ಲವನ್ನೂ ತಿಂದು ಮುಗಿಸಿದರೆ ಶೇ. 12ರ ಹತ್ತಿರದ ವೈನ್ ಸಿಗುತ್ತದೆ, ಸಿಹಿ ಉಳಿಯುವುದಿಲ್ಲ. ಅರ್ಧ ತಿಂದಾಗ ನಿಲ್ಲಿಸಿದರೆ? ಶೇ. 6ರ ಹತ್ತಿರದ ಆಲ್ಕೋಹಾಲ್, ಜೊತೆಗೆ ನೂರು ಗ್ರಾಂ ಸಕ್ಕರೆ ಹಾಗೇ ಉಳಿದಿರುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಲೆಕ್ಕ.

ಮೊಸ್ಕಾಟೊ ಡಾಸ್ಟಿ ಅನ್ನುವುದು ಹೆಚ್ಚುಕಮ್ಮಿ ಈ ಅರ್ಧಕ್ಕೆ ನಿಲ್ಲಿಸಿದ ಲೆಕ್ಕವೇ. ಇಟಲಿಯ ವಾಯವ್ಯದಲ್ಲಿರುವ ಪೀಡ್ಮಾಂಟ್ ಸೀಮೆಯದು, ಆಸ್ಟಿ ಅನ್ನುವುದು ಅಲ್ಲಿನ ಊರು. ಮೊಸ್ಕಾಟೊ ಬಿಯಾಂಕೊ ಅನ್ನುವ ಘಮಘಮ ದ್ರಾಕ್ಷಿಯ ರಸವನ್ನು ಮುಚ್ಚಿದ ಟ್ಯಾಂಕಿನಲ್ಲಿ ಹುದುಗಿಸುತ್ತಾರೆ. ಯೀಸ್ಟ್ ಕೆಲಸ ಅರ್ಧಕ್ಕೆ ಬಂದಾಗ ಟ್ಯಾಂಕನ್ನು ಹೆಪ್ಪುಗಟ್ಟುವ ಹತ್ತಿರಕ್ಕೆ ತಣ್ಣಗೆ ಮಾಡಿ, ಮಂಕಾದ ಯೀಸ್ಟನ್ನು ಸೋಸಿ ತೆಗೆದುಬಿಡುತ್ತಾರೆ. ಕೊನೆಗೆ ಸಿಗುವುದು ಶೇ. 5ರ ಆಸುಪಾಸಿನ ಆಲ್ಕೋಹಾಲ್, ದ್ರಾಕ್ಷಿಯದೇ ಸಿಹಿ, ಮತ್ತು ಹುದುಗುವಾಗ ಹುಟ್ಟಿದ್ದೇ ಆದ ಸಣ್ಣ ಗುಳ್ಳೆಗಳು. ಮೂಗಿಗೆ ಕಿತ್ತಳೆ ಹೂವು, ಪೀಚ್ ಹಣ್ಣು, ಮತ್ತೆ ತಮಾಷೆ ಅಂದರೆ ಸಾಕ್ಷಾತ್ ದ್ರಾಕ್ಷಿ. ವೈನಿನಲ್ಲಿ ಚೆರ್ರಿ, ಚರ್ಮ, ಹೊಗೆ ಎಲ್ಲ ವಾಸನೆ ಬರುತ್ತದೆ ಅನ್ನುತ್ತಾರೆ. ದ್ರಾಕ್ಷಿಯ ವಾಸನೆ ಬರುವ ದ್ರಾಕ್ಷಿ ವೈನ್ ಮಾತ್ರ ಅಪರೂಪ.

ಲೇಬಲ್ ಮೇಲೆ "ಡಿ" ಅಕ್ಷರ, ಅದರ ಪಕ್ಕ ಮೇಲ್ಗಡೆ ಒಂದು ಸಣ್ಣ ಕೊಕ್ಕೆ, ಆಮೇಲೆ ಆಸ್ಟಿ, ಹೀಗೆ ಇರುತ್ತದೆ. ಬರೀ "ಮೊಸ್ಕಾಟೊ" ಅಂತ ಇದ್ದರೆ ಬೇರೆ ಎಲ್ಲಿಯದಾದರೂ ಆಗಿರಬಹುದು. ಅದೂ ಸಾಮಾನ್ಯವಾಗಿ ಸಿಹಿಯೇ, ಕೆಲವದರಲ್ಲಿ ಸಿಹಿ ಜಾಸ್ತಿ, ಘಮ ಕಮ್ಮಿ. ಬರೀ "ಆಸ್ಟಿ" ಅಂತ ಇದ್ದರೆ ಅದೇ ದ್ರಾಕ್ಷಿಯ ಜೋರು ಗುಳ್ಳೆಯ ಅಣ್ಣ. ಕಾರ್ಕ್ ಮೇಲೆ ತಂತಿ ಬಿಗಿದಿರುತ್ತಾರೆ, ಎಚ್ಚರದಿಂದ ತೆಗೆಯಿರಿ. ವರ್ಷ ನಮೂದಿಸಿದ್ದರೆ ತೀರಾ ಇತ್ತೀಚಿನದನ್ನೇ ಆರಿಸಿ. ಇಟ್ಟಷ್ಟೂ ರುಚಿ ಅನ್ನುವ ಮಾತು ಈ ವೈನಿಗೆ ಹೊಂದುವುದಿಲ್ಲ, ಇಟ್ಟಷ್ಟೂ ಘಮ ಹೋಗುತ್ತದೆ.

ಸಂಖ್ಯೆಯ ಲೆಕ್ಕವನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ. ಶೇ. 5ರಿಂದ 7 ಇದ್ದರೆ ಖಂಡಿತ ಸಿಹಿ. 7.5ರಿಂದ 9.5 ಇದ್ದರೆ ಬಹುಮಟ್ಟಿಗೆ ಸಿಹಿ ಅಥವಾ ಅರೆಸಿಹಿ. 10, 11 ಇದ್ದರೆ ಹಿಂದಿನ ಲೇಬಲ್ ಓದಬೇಕು. 12.5 ದಾಟಿದರೆ ಸಿಹಿ ಇಲ್ಲ ಅಂತಲೇ ತಿಳಿಯಿರಿ. ಇದಕ್ಕೆ ಹೊರತಾದವೂ ಇವೆ. ಪೋರ್ಚುಗಲ್ಲಿನ ವಿನ್ಯೊ ವೆರ್ದೆಗೆ ಶೇ. 9, 10 ಇದ್ದರೂ ಅದು ಸಿಹಿಗಿಂತ ಹುಳಿಯ ಕಡೆಗೇ. ಆಲ್ಕೋಹಾಲ್ ತೆಗೆದುಹಾಕಿ ಮಾಡಿದ ವೈನುಗಳಿಗೂ ಈ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ಹೊರತನ್ನು ನಾನು ಮೈಮೇಲೆ ಹಾಕಿಕೊಂಡು ಕಲಿತೆ.

ಆಗ ನನಗೆ ಈ ಸಂಖ್ಯೆಯ ವಿಚಾರವೇ ಗೊತ್ತಿರಲಿಲ್ಲ. ಸಿಹಿ ವೈನ್ ಕೊಡಿ ಅಂದೆ, ಪೋರ್ಟ್ ಕೊಟ್ಟರು. ಸಿಹಿಯೇನೋ ಹೌದು. ಒಣದ್ರಾಕ್ಷಿ, ಚಾಕೊಲೇಟ್ ಕಲಸಿದ ಹಾಗೆ, ಬಾಯಿಗೆ ಅಮೃತ. ನೀರು ಕುಡಿಯುವ ಉದ್ದ ಲೋಟಕ್ಕೆ ಜ್ಯೂಸ್ ಥರ ಸುರಿದುಕೊಂಡು ಕುಡಿದೆ. ಇನ್ನೊಂದು ಲೋಟ ಹಾಕಿಕೊಂಡೆ. ಬೆಳಗ್ಗೆ ಕಣ್ಣುಬಿಟ್ಟಾಗ ಸೋಫಾ ಮೇಲಿದ್ದೆ, ಕಾಲಲ್ಲಿ ಶೂ ಹಾಗೇ ಇತ್ತು, ಟೀವಿ ತನ್ನ ಪಾಡಿಗೆ ಓಡುತ್ತಿತ್ತು. ತಲೆಯ ವಿಚಾರ ಬೇಡ. ಆಮೇಲೆ ಬಾಟಲಿ ತಿರುಗಿಸಿ ನೋಡಿದರೆ ಶೇ. 20. ಪೋರ್ಟ್ ಮಾಡುವಾಗ ಯೀಸ್ಟನ್ನು ತಣ್ಣಗೆ ಮಾಡಿ ನಿಲ್ಲಿಸುವುದಿಲ್ಲ, ನಡುವೆ ದ್ರಾಕ್ಷಿಯ ಬಟ್ಟಿ ಸಾರಾಯಿ ಸುರಿದು ನಿಲ್ಲಿಸುತ್ತಾರೆ. ಸಕ್ಕರೆಯೂ ಉಳಿಯುತ್ತದೆ, ಆಲ್ಕೋಹಾಲೂ ಏರುತ್ತದೆ. ಸಿಹಿ ಅಂದ ಮಾತ್ರಕ್ಕೆ ಹಗುರ ಅಲ್ಲ. ಅಂಗಡಿಯಲ್ಲಿ ಎರಡೂ ಮಾತನ್ನು ಸೇರಿಸಿಯೇ ಹೇಳಿ: ಸಿಹಿ ಇರಬೇಕು, ಆಲ್ಕೋಹಾಲ್ ಹತ್ತರೊಳಗೆ ಇರಬೇಕು. ಐಸ್ ವೈನ್, ಸೋಟರ್ನ್ ಮುಂತಾದ ಡೆಸರ್ಟ್ ವೈನುಗಳು ರುಚಿಯಲ್ಲಿ ಜೇನಿನ ಹಾಗೆ, ಬಾಯಲ್ಲೂ ಜೇನಿನ ಹಾಗೇ ದಪ್ಪ. ಅವನ್ನು ಮುಂದೆ ಯಾವಾಗಲಾದರೂ ಒಂದೆರಡು ಗುಟುಕು ನೋಡಿ.

ಇನ್ನು ರೀಸ್ಲಿಂಗ್. ಇದರ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಮೊಸ್ಕಾಟೊ ಎರಡನೇ ಗ್ಲಾಸಿಗೆ ಸಾಕು ಅನ್ನಿಸುತ್ತದೆ. ಒಳ್ಳೆ ರೀಸ್ಲಿಂಗ್ ಹಾಗೆ ಬೇಸರ ತರಿಸುವುದಿಲ್ಲ. ಕಾರಣ ಅದರ ಹುಳಿ. ನೀವು ಹುಳಿ ಬೇಡ ಅಂತ ಹೇಳುವ ಮೊದಲು ಇನ್ನೊಂದು ಸಣ್ಣ ಪ್ರಯೋಗ ಮಾಡಿ. ಎರಡು ಗ್ಲಾಸ್ ನೀರಿಗೆ ಎರಡೆರಡು ಚಮಚ ಸಕ್ಕರೆ ಹಾಕಿ ಕದಡಿ. ಒಂದಕ್ಕೆ ಮಾತ್ರ ಅರ್ಧ ನಿಂಬೆಹಣ್ಣು ಹಿಂಡಿ. ಎರಡರಲ್ಲೂ ಸಕ್ಕರೆ ಒಂದೇ ಸಮ. ಬರೀ ಸಕ್ಕರೆ ನೀರು ಮೂರನೇ ಗುಟುಕಿಗೆ ಮುಖ ಕಿವುಚುವಂತೆ ಮಾಡುತ್ತದೆ, ನಿಂಬೆ ಹಾಕಿದ್ದು ಖಾಲಿಯಾಗುತ್ತದೆ. ವೈನಿನಲ್ಲೂ ಹಾಗೇ. ಜರ್ಮನಿಯ ಮೋಸೆಲ್ ಕಣಿವೆಯ ಸಿಹಿ ರೀಸ್ಲಿಂಗಿನಲ್ಲಿ ಲೀಟರಿಗೆ 40 ಗ್ರಾಂ ಸಕ್ಕರೆ ಇದ್ದರೂ ನಾಲಿಗೆಗೆ ಅಷ್ಟು ಅನ್ನಿಸುವುದಿಲ್ಲ. ಹೋಲಿಕೆಗೆ ಹೇಳುವುದಾದರೆ, ಮಾಮೂಲಿ ಕೋಲಾದಲ್ಲಿ ಲೀಟರಿಗೆ ನೂರು ಗ್ರಾಂ ದಾಟಿದ ಸಕ್ಕರೆ ಇರುತ್ತದೆ.

ಜರ್ಮನ್ ಲೇಬಲ್ ನೋಡಿದರೆ ಹೆದರಿಕೆಯಾಗುತ್ತದೆ, ನಿಜ. ನಿಮಗೆ ಬೇಕಾದದ್ದು ಎರಡೇ ಪದ. "ಕ್ಯಾಬಿನೆಟ್" ಅಂತ ಇದ್ದರೆ ಹಗುರ ಜಾತಿಯದು. ಇದಕ್ಕೂ ಮಂತ್ರಿ ಮಂಡಲಕ್ಕೂ ಸಂಬಂಧ ಇಲ್ಲ. "ಟ್ರೋಕನ್" ಅಂತ ಇದ್ದರೆ ಸಿಹಿ ಇಲ್ಲದ್ದು, ವಾಪಸ್ ಇಟ್ಟುಬಿಡಿ. ಕ್ಯಾಬಿನೆಟ್, ಶ್ಪೇಟ್‌ಲೇಸ ಈ ಪದಗಳು ದ್ರಾಕ್ಷಿ ಕೀಳುವಾಗ ಎಷ್ಟು ಹಣ್ಣಾಗಿತ್ತು ಅಂತ ಹೇಳುತ್ತವೆಯೇ ಹೊರತು ಬಾಟಲಿಯಲ್ಲಿ ಎಷ್ಟು ಸಿಹಿ ಉಳಿದಿದೆ ಅಂತ ಅಲ್ಲ. ಅದಕ್ಕೇ ಕ್ಯಾಬಿನೆಟ್ ಮತ್ತು ಟ್ರೋಕನ್ ಎರಡೂ ಒಂದೇ ಲೇಬಲ್ ಮೇಲೆ ಇರಬಹುದು. ಗೊಂದಲ ಆದಾಗ ಮತ್ತೆ ಸಂಖ್ಯೆಗೇ ಬನ್ನಿ. ಶೇ. 8 ಇದ್ದರೆ ಸಿಹಿ, 12 ಇದ್ದರೆ ಅಲ್ಲ. ಕೆಲವು ರೀಸ್ಲಿಂಗ್ ಬಾಟಲಿಗಳ ಹಿಂದೆ ಡ್ರೈಯಿಂದ ಸ್ವೀಟ್‌ವರೆಗೆ ಒಂದು ಗೆರೆ ಎಳೆದು ಬಾಣದ ಗುರುತು ಹಾಕಿರುತ್ತಾರೆ. ಅದು ಸಿಕ್ಕರಂತೂ ಚಿಂತೆಯೇ ಇಲ್ಲ.

ಡ್ರೈ ಅನ್ನುವ ಪದವೇ ದೊಡ್ಡ ಗೋಜಲು. ಬಾಯಿ ಒಣಗುವುದು ಅಂತ ಅದರ ಅರ್ಥ ಅಲ್ಲ, ಸಿಹಿ ಉಳಿದಿಲ್ಲ ಅಂತ ಅಷ್ಟೇ. ಗುಳ್ಳೆ ವೈನುಗಳಲ್ಲಿ ಈ ಪದ ಪೂರ್ತಿ ದಾರಿ ತಪ್ಪಿಸುತ್ತದೆ. ಶಾಂಪೇನ್, ಪ್ರೊಸೆಕ್ಕೊ ಥರದವುಗಳಲ್ಲಿ "ಬ್ರೂಟ್" ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಅಂದರೆ ಇನ್ನೂ ಕಮ್ಮಿ ಇರಬೇಕು ಅಲ್ವಾ? ಇಲ್ಲ, ಜಾಸ್ತಿ: 12ರಿಂದ 17. ಬರೀ "ಡ್ರೈ" ಅಥವಾ "ಸೆಕ್" ಅಂದರೆ ಇನ್ನೂ ಜಾಸ್ತಿ, 17ರಿಂದ 32. ನಿಮಗೆ ಹೊಂದುವುದು "ಡೆಮಿ ಸೆಕ್", ಅಂದರೆ 32ರಿಂದ 50. ಐವತ್ತು ದಾಟಿದರೆ "ಡೂ". ಇದು ಅಂಗಡಿಯಲ್ಲಿ ಕಾಣಸಿಗುವುದೇ ಅಪರೂಪ. ಇಟಲಿಯದಾದರೆ ಸಿಹಿ ಇಲ್ಲದ ಸೆಕ್ಕೊ ಬಿಟ್ಟು ಅಮಾಬಿಲೆ (ಅರೆಸಿಹಿ) ಅಥವಾ ಡೋಲ್ಚೆ (ಸಿಹಿ) ಹುಡುಕಿ.

ಇನ್ನೊಂದು ಮೋಸ ಮೂಗಿನದು. ಹಣ್ಣಿನ ಘಮ ಇದ್ದರೆ ಸಿಹಿ ಅಂತ ತಲೆ ತಾನೇ ತೀರ್ಮಾನ ಮಾಡಿಬಿಡುತ್ತದೆ. ಗೆವುರ್ಟ್ಸ್‌ಟ್ರಾಮಿನರ್ ಅಂತ ಒಂದು ದ್ರಾಕ್ಷಿ ಇದೆ. ಹೆಸರು ಹೇಳಲು ಹೋಗಬೇಡಿ, ಬೆರಳು ತೋರಿಸಿ ಕೇಳಿ. ಗ್ಲಾಸ್ ಎತ್ತಿದರೆ ಲಿಚಿ ಹಣ್ಣು, ಗುಲಾಬಿ. ಕುಡಿದರೆ ಕೆಲವು ಬಾಟಲಿಯಲ್ಲಿ ಸಿಹಿಯೇ ಇರುವುದಿಲ್ಲ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕು ಕುಡಿದು ನೋಡಿ. ಆಗ ನಾಲಿಗೆಗೆ ಗೊತ್ತಾಗುವುದು ಮಾತ್ರ ನಿಜವಾದ ಸಿಹಿ. ಜನರ ಮುಂದೆ ಬೇಡ, ಮನೆಯಲ್ಲಿ ಮಾಡಿ. "ಫ್ರೂಟಿ ಆಗಿದೆ" ಅಂತ ಅಂಗಡಿಯವರು ಹೇಳಿದರೆ "ಅದು ಸರಿ, ಸಿಹಿ ಇದೆಯಾ?" ಅಂತ ಮತ್ತೊಮ್ಮೆ ಕೇಳಿ.

ರೆಡ್ ಬಣ್ಣದ್ದೇ ಬೇಕು ಅನ್ನಿಸಿದರೆ ದಾರಿ ಇದೆ. ಅದೇ ಪೀಡ್ಮಾಂಟಿನ ಬ್ರಾಕೆಟ್ಟೊ ಡಾಕ್ವಿ. ಕೆಂಪು ಬಣ್ಣ, ಸ್ಟ್ರಾಬೆರಿ, ಗುಲಾಬಿಯ ಘಮ, ಸಣ್ಣ ಗುಳ್ಳೆ, ಆಲ್ಕೋಹಾಲ್ ಮೊಸ್ಕಾಟೊದಷ್ಟೇ ಕಮ್ಮಿ. ಒಗರು ಹುಡುಕಿದರೂ ಸಿಗದಷ್ಟು. ಹೆಚ್ಚು ಕಡೆ ಸಿಗುವುದಿಲ್ಲ ಅನ್ನುವುದೊಂದೇ ತೊಂದರೆ. ಲಾಂಬ್ರುಸ್ಕೊ ಇನ್ನೊಂದು, ಆದರೆ ಅದರಲ್ಲಿ ಸಿಹಿಯದೂ ಇದೆ, ಸಿಹಿ ಇಲ್ಲದ್ದೂ ಇದೆ. ಅಮಾಬಿಲೆ ಅಂತ ಬರೆದದ್ದೇ ತೆಗೆದುಕೊಳ್ಳಿ.

ಪಿಂಕ್ ಬಣ್ಣದ್ದರಲ್ಲಿ ವೈಟ್ ಜಿನ್‌ಫಂಡೆಲ್. ಕ್ಯಾಲಿಫೋರ್ನಿಯಾದ ಸಟರ್ ಹೋಮ್ ವೈನರಿಯಲ್ಲಿ 1975ರಲ್ಲಿ ಒಂದು ಟ್ಯಾಂಕಿನ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಸತ್ತುಹೋಯಿತು. ಸಕ್ಕರೆ ಉಳಿದುಬಿಟ್ಟಿತು. ಅಲ್ಲಿ ವೈನ್ ಮಾಡುತ್ತಿದ್ದ ಬಾಬ್ ಟ್ರಿಂಕೆರೊ ಅದನ್ನು ಪಕ್ಕಕ್ಕಿಟ್ಟು, ಎರಡು ವಾರ ಬಿಟ್ಟು ರುಚಿ ನೋಡಿದರೆ ಚೆನ್ನಾಗಿಯೇ ಇತ್ತು. ಹಾಗೇ ಬಾಟಲಿಗೆ ತುಂಬಿದರು. ಅಮೆರಿಕದಲ್ಲಿ ಅದು ಎಷ್ಟು ಓಡಿತು ಅಂದರೆ, ಹುಟ್ಟಿದ್ದು ತಪ್ಪಿನಿಂದ ಅನ್ನುವುದು ಯಾರಿಗೂ ಮುಖ್ಯ ಅನ್ನಿಸಲಿಲ್ಲ. ನನಗೆ ಅದು ಸ್ವಲ್ಪ ಸಪ್ಪೆ. ಆದರೆ ಮೊದಲ ಬಾಟಲಿಗೆ ಏನೂ ಅಡ್ಡಿಯಿಲ್ಲ.

ತಣ್ಣಗೆ ಮಾಡುವುದನ್ನು ಮರೆಯಬೇಡಿ. ಸಿಹಿ ವೈನ್ ಕುಡಿದು "ಪಾಕ ಕುಡಿದ ಹಾಗಿತ್ತು" ಅನ್ನುವವರಲ್ಲಿ ಅರ್ಧ ಜನ ಅದನ್ನು ಬೆಚ್ಚಗೆ ಕುಡಿದಿರುತ್ತಾರೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ಮೊಸ್ಕಾಟೊಗೆ 6ರಿಂದ 8 ಡಿಗ್ರಿ, ರೀಸ್ಲಿಂಗಿಗೆ 8ರಿಂದ 10 ಡಿಗ್ರಿ ಸರಿ. ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು, ಹತ್ತು ನಿಮಿಷ ಮೊದಲು ಹೊರಗೆ ತೆಗೆದರೆ ಆಯಿತು. ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ, ಬಾಟಲಿ ವಾಪಸ್ ಫ್ರಿಜ್ಜಿಗೆ ಹೋಗಲಿ. ಒಮ್ಮೆ ನಾನು ಫೋನಿನಲ್ಲಿ ಮಾತಾಡುತ್ತಾ ಗ್ಲಾಸನ್ನು ಅರ್ಧ ಗಂಟೆ ಮೇಜಿನ ಮೇಲೆ ಬಿಟ್ಟಿದ್ದೆ. ವಾಪಸ್ ಬಂದು ಕುಡಿದರೆ ಬೇರೆ ಯಾರದೋ ಗ್ಲಾಸ್ ಅನ್ನಿಸಿತು. ಗುಳ್ಳೆ ಇಲ್ಲ, ಘಮ ಮಂಕು, ತುಟಿಗೆ ಅಂಟುವ ಸಿಹಿ ಮಾತ್ರ ಉಳಿದಿತ್ತು.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಆದರೆ ಸಿಹಿ ವೈನ್ ಜ್ಯೂಸಿನ ಹಾಗೆ ಇಳಿದುಹೋಗುತ್ತದೆ. 150 ಮಿಲಿಲೀಟರ್ ಗ್ಲಾಸಿನಲ್ಲಿ ಶೇ. 5.5ರ ಮೊಸ್ಕಾಟೊ ಇದ್ದರೆ ಶುದ್ಧ ಆಲ್ಕೋಹಾಲ್ 8 ಮಿಲಿಲೀಟರ್ ಚಿಲ್ಲರೆ. ಅದೇ ಗ್ಲಾಸಿನಲ್ಲಿ ಶೇ. 14ರ ರೆಡ್ ಇದ್ದರೆ 21. ನನ್ನ ಪೋರ್ಟ್ ಆಗಿದ್ದರೆ 30. ಕಮ್ಮಿ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಮೊಸ್ಕಾಟೊ ಕುಡಿದೂ ಗಾಡಿ ಓಡಿಸಬೇಡಿ. ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಇದ್ದರೆ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ. ಕುಡಿಯಲೇಬೇಕು ಅಂತ ಯಾರೂ ಹಣೆಯಲ್ಲಿ ಬರೆದಿಲ್ಲ.

ಕೊನೆಗೆ, ನಗುತ್ತಾರಾ ಅಂತ ಕೇಳಿದಿರಿ. ಕೆಲವರು ನಗುತ್ತಾರೆ. ಅವರಿಗೆ ಬಾಲ್ಟಿಕ್ ಸಮುದ್ರದ ಕತೆ ಹೇಳಿ. 2010ರಲ್ಲಿ ಅಲ್ಲಿನ ಓಲಂಡ್ ದ್ವೀಪಗಳ ಹತ್ತಿರ ಮುಳುಗಿದ್ದ ಒಂದು ಹಡಗಿನಲ್ಲಿ 168 ಶಾಂಪೇನ್ ಬಾಟಲಿಗಳು ಸಿಕ್ಕಿದವು. ಸುಮಾರು 170 ವರ್ಷ ನೀರಿನ ಅಡಿಯಲ್ಲಿದ್ದವು. ಪರೀಕ್ಷೆ ಮಾಡಿದರೆ ಲೀಟರಿಗೆ ಹತ್ತಿರ ಹತ್ತಿರ 140 ಗ್ರಾಂ ಸಕ್ಕರೆ. ಇವತ್ತು ಬ್ರೂಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ ಅನ್ನುವವರ ಮುತ್ತಾತಂದಿರ ಕಾಲದ ಶೋಕಿಯ ಶಾಂಪೇನ್ ನಿಮ್ಮ ಮೊಸ್ಕಾಟೊದಷ್ಟೇ ಸಿಹಿಯಾಗಿತ್ತು.

375 ಮಿಲಿಲೀಟರಿನ ಅರ್ಧ ಬಾಟಲಿ ಇದ್ದರೆ ಅದನ್ನೇ ಕೇಳಿ, ಮೊದಲ ಸಲಕ್ಕೆ ಸಾಕು. ಪೂರ್ತಿ ಬಾಟಲಿ ತಂದು ಉಳಿದರೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ರೀಸ್ಲಿಂಗ್ ಮೂರ್ನಾಲ್ಕು ದಿನ ಇರುತ್ತದೆ. ಮೊಸ್ಕಾಟೊ ಮಾರನೆಯ ದಿನವೇ ಮುಗಿಸಿ, ಅದರಾಚೆಗೆ ಗುಳ್ಳೆ ಉಳಿಯುವುದಿಲ್ಲ.